ಸಂಡಿಗೆ ಕಾಯುವ ಹೊತ್ತು

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ತಾರಸಿಯ ಮೇಲೆ ನಾಲ್ಕು ಬಟ್ಟೆ ಹಾಸಿದ್ದೆ ಎಂದು ನನ್ನ ನೆನಪು. ಆ ಸಂಜೆ ಬರೆದ ದಿನಚರಿಯಲ್ಲಿ ಮೂರು ಎಂದಿದೆ. ಇತಿಹಾಸ ಓದಿದವಳು ನಾನು, ನೆನಪಿಗೂ ಬರಹಕ್ಕೂ ಜಗಳ ಬಂದರೆ ಬರಹದ ಪರ ನಿಲ್ಲುವುದು ರೂಢಿ. ಆದರೆ ಆ ಬರಹ ಬರೆದವಳೂ ನಾನೇ, ಅದೂ ಗಾಬರಿಯಲ್ಲಿದ್ದಾಗ. ಹಾಗಾಗಿ ಅದನ್ನೂ ಪೂರ್ತಿ ನಂಬಲಾರೆ.

ಇಂಥ ಅನುಭವಗಳ ಬಗ್ಗೆ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಯಾರಾದರೂ "ನಮ್ಮನೇಲಿ ಒಂದ್ಸಲ ಏನಾಯ್ತು ಗೊತ್ತಾ" ಎಂದು ದನಿ ತಗ್ಗಿಸಿದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತಿದ್ದೆ. ಈಗ ನನ್ನ ಮಾತು ಕೇಳಿ ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಗುಬ್ಬಿಯ ನನ್ನ ತವರಿನಲ್ಲಿ ನಾನು ಒಬ್ಬಳೇ ಮಗಳು. ಮಾತಿಲ್ಲದ ಮಧ್ಯಾಹ್ನಗಳು ಅಲ್ಲಿ ಬೇಕಾದಷ್ಟಿದ್ದವು. ಅವುಗಳಿಗೆ ಬೆಲೆಯಿದೆ ಎಂದು ತಿಳಿದದ್ದು ತುಮಕೂರಿಗೆ ಸೊಸೆಯಾಗಿ ಬಂದ ಮೇಲೆ. ಮನೆಯವರೆಲ್ಲ ಒಳ್ಳೆಯವರು, ಆದರೆ ಎಲ್ಲರೂ ಒಟ್ಟಿಗೆ ಮಾತಾಡುವವರು. ಟಿ.ವಿ., ಮಿಕ್ಸಿ, ಫೋನು, ಮಗಳ ಪಾಠ, ಬಾಗಿಲಲ್ಲಿ ಸೊಪ್ಪಿನವಳು. ಕಾಲೇಜಿಗೆ ಹೋದರೆ ಅಲ್ಲಿ ನಾನೇ ಮಾತಾಡಬೇಕು. ದಿನದಲ್ಲಿ ಒಂದು ಗಂಟೆ ಯಾರ ಮಾತೂ ಕೇಳದೆ, ಯಾರಿಗೂ ಏನೂ ಹೇಳದೆ ಕೂತಿರಬೇಕು ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಕೇಳುವುದು ಹೇಗೆ? ನಮ್ಮಂಥ ಮನೆಯಲ್ಲಿ ಹೆಂಗಸು ಕೈಯಲ್ಲಿ ಕೆಲಸವಿಲ್ಲದೆ ಹತ್ತು ನಿಮಿಷ ಕೂತರೆ "ಯಾಕೆ, ಹುಷಾರಿಲ್ವಾ?" ಎಂದು ಮೂರು ಜನ ಕೇಳುತ್ತಾರೆ. ಕೋಣೆಯ ಬಾಗಿಲು ಹಾಕಿಕೊಂಡರಂತೂ ಯಾರ ಮೇಲೆ ಸಿಟ್ಟು ಎಂಬ ವಿಚಾರಣೆ ಶುರುವಾಗುತ್ತದೆ.

ದಾರಿ ತೋರಿಸಿದ್ದು ಸಂಡಿಗೆ. ಒಂದು ಬೇಸಿಗೆ ರಜೆಯಲ್ಲಿ ಅತ್ತೆ, "ನನ್ನ ಮಂಡಿ ಇನ್ನು ಮೆಟ್ಲು ಹತ್ತಲ್ಲ ಕಣಮ್ಮ. ಈ ಸಲ ನೀನೇ ಮೇಲೆ ಕೂತ್ಕೊಂಡು ಕಾಯಿ" ಎಂದರು. ಅಕ್ಕಿ ಸಂಡಿಗೆ ಹಾಕಿದ ಮೇಲೆ ಕಾಗೆ, ಅಳಿಲು, ಕೋತಿ ಬಾರದಂತೆ ಯಾರಾದರೂ ಕಾಯಲೇಬೇಕು. ನೀರಿನ ಟ್ಯಾಂಕಿನ ಕಟ್ಟೆಯ ಕೆಳಗೆ ನೆರಳಿದೆ. ಅಲ್ಲಿ ಚಾಪೆ ಹಾಸಿ, ಪಕ್ಕದಲ್ಲೊಂದು ಕೋಲು ಇಟ್ಟುಕೊಂಡು ಕೂತೆ. ಸಂಜೆಯವರೆಗೆ ನನ್ನನ್ನು ಯಾರೂ ಕರೆಯಲಿಲ್ಲ. ಯಾಕೆಂದರೆ ನಾನು ಕೆಲಸ ಮಾಡುತ್ತಿದ್ದೆ! ಮಾರನೇ ದಿನ ನಾನಾಗಿಯೇ ಇನ್ನೊಂದು ಪಾವು ಅಕ್ಕಿ ನೆನೆಹಾಕಿದೆ.

ಆಮೇಲಿನ ಬೇಸಿಗೆಗಳಲ್ಲಿ ನಮ್ಮ ಮನೆಯಲ್ಲಿ ಸಂಡಿಗೆ ಡಬ್ಬಗಳು ಬೆಳೆಯುತ್ತಾ ಹೋದವು. ತಾರಸಿಗೆ ಹೋದವಳೇ ಬಾಗಿಲಿಗೆ ತಾರಸಿಯ ಕಡೆಯಿಂದ ಚಿಲಕ ಹಾಕಿಕೊಳ್ಳುತ್ತಿದ್ದೆ. ಮಕ್ಕಳು ಓಡಿಬಂದು ತುಳಿಯಬಾರದು ಎಂಬುದು ಹೇಳಿಕೊಳ್ಳುವ ಕಾರಣ. ಫೋನು ಕೆಳಗೇ ಇರುತ್ತಿತ್ತು. ಹಿರೇಹಳ್ಳಿಯ ಕಾರ್ಖಾನೆಯಿಂದ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಬರುತ್ತಿದ್ದ ನನ್ನ ಗಂಡ ತಟ್ಟೆ ಮುಂದೆ ಕೂತು ನಗುತ್ತಿದ್ದರು. "ಕಾಗೆ ಓಡ್ಸೋಕೆ ಎಂ.ಎ. ಮಾಡ್ಬೇಕಿತ್ತೇನೇ?"

ನಾನು ಹೇಳಬೇಕೆಂದಿರುವುದು ಆರೇಳು ವರ್ಷದ ಹಿಂದಿನ ಏಪ್ರಿಲ್ ತಿಂಗಳ ಮಾತು. ಕುಣಿಗಲ್‌ನಿಂದ ನಾದಿನಿ ಇಬ್ಬರು ಮಕ್ಕಳೊಂದಿಗೆ ರಜೆಗೆ ಬಂದಿದ್ದಳು. ಮನೆಯಲ್ಲಿ ಗದ್ದಲವೋ ಗದ್ದಲ. ಅದರ ಹಿಂದಿನ ವಾರ ನನ್ನಿಂದ ಒಂದು ತಪ್ಪಾಗಿತ್ತು. ಕಣ್ಣು ಮುಚ್ಚಿ ಕೂತಿದ್ದಾಗ ಕೋತಿಗಳು ಬಂದು ಒಂದು ಇಡೀ ಬಟ್ಟೆಯನ್ನು ಎಳೆದು ಕಿತ್ತುಹಾಕಿದ್ದವು. ನಿದ್ದೆ ಮಾಡಿರಲಿಲ್ಲ ಎಂದು ನಾನು ಹೇಳಿದರೂ ಯಾರೂ ನಂಬಲಿಲ್ಲ.

"ಅತ್ತಿಗೆ, ಅಂಗಡೀಲಿ ಪ್ಯಾಕೆಟ್ ಸಿಗುತ್ತೆ ಕಣ್ರೀ. ಯಾಕೆ ಈ ಬಿಸ್ಲಲ್ಲಿ ಒಣಗ್ತೀರಾ, ಸಂಡಿಗೆ ಜೊತೆ ನೀವೂ?" ಎಂದಳು ನಾದಿನಿ.

"ಇನ್ನೊಂದ್ಸಲ ಹಾಳಾದ್ರೆ ಸಂಡಿಗೆ ಬಂದ್. ತಲೆ ತಿರುಗಿ ಅಲ್ಲೇ ಬಿದ್ರೆ ಯಾರು ನೋಡ್ತಾರೆ?" ಎಂದು ಗಂಡ ಈ ಸಲ ನಗದೆ ಹೇಳಿದರು.

ಅವರು ಹೇಳಿದ್ದರಲ್ಲಿ ಕಾಳಜಿಯೇ ಇತ್ತು. ಆದರೆ ಇನ್ನೊಂದು ಬಟ್ಟೆ ಕೆಟ್ಟರೆ ನನ್ನ ಆ ಹೊತ್ತು ಹೋಯಿತು. ಅದನ್ನು ಉಳಿಸಿಕೊಳ್ಳಲು ಬೇರೆ ಯಾವ ನೆಪವೂ ನನ್ನ ಬಳಿ ಇರಲಿಲ್ಲ. ಅತ್ತೆ ಮಾತ್ರ ರಾತ್ರಿ ಮಲಗುವ ಮುಂಚೆ "ಅಕ್ಕಿ ನೆನೆಹಾಕು" ಎಂದರು, ಅಷ್ಟೇ.

ಮುಂದಿನ ಸಂಗತಿ ಅರ್ಥವಾಗಬೇಕಾದರೆ ಸಂಡಿಗೆಯ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಪಂಚೆಯನ್ನು ಒದ್ದೆ ಮಾಡಿ, ನೆಲದ ಮೇಲೆ ಬಿಗಿಯಾಗಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬೇಯಿಸಿದ ಅಕ್ಕಿಹಿಟ್ಟಿನ ಅಂಬಲಿಯನ್ನು ಚಮಚದಲ್ಲಿ ಸಾಲಾಗಿ ಬಿಡುತ್ತೇವೆ. ಪೂರ್ತಿ ಒಣಗುವವರೆಗೆ ಆ ಬಟ್ಟೆಯನ್ನು ಒಬ್ಬರೇ ಎತ್ತಲಾಗದು. ಎತ್ತಿದರೆ ನಡು ಜೋತುಬಿದ್ದು ಹಸಿ ಸಂಡಿಗೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಎಳೆದರೆ ಬಟ್ಟೆ ಸುಕ್ಕಾಗಿ ಮುರಿಯುತ್ತವೆ. ಈ ತುದಿಯ ಎರಡು ಮೂಲೆ ಒಬ್ಬರು, ಆ ತುದಿಯ ಎರಡು ಮೂಲೆ ಇನ್ನೊಬ್ಬರು ಹಿಡಿದು, ಬಿಗಿಯಾಗಿಯೇ ಎತ್ತಿ, ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಸಂಜೆ ಈ ಕೆಲಸಕ್ಕೆ ನಾನು ಗಂಡನನ್ನೋ ಮಗಳನ್ನೋ ಕರೆಯುತ್ತಿದ್ದೆ.

ಆ ದಿನ ಬೆಳಿಗ್ಗೆ ಎಂಟಕ್ಕೆ ಹಾಕಿ ಮುಗಿಸಿದೆ. ಆಕಾಶ ಶುಭ್ರವಾಗಿತ್ತು. ಊಟ ಮುಗಿಸಿ ಮತ್ತೆ ಮೇಲೆ ಹೋದಾಗ ಎರಡು ಗಂಟೆ ದಾಟಿತ್ತು. ಚಿಲಕ ಹಾಕಿದೆ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಆಮೇಲೆ ಅದನ್ನು ತೆಗೆದದ್ದೂ ನಾನೇ. ಕಟ್ಟೆಯ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಇವತ್ತು ಕಣ್ಣು ಮುಚ್ಚಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಕೆಳಗೆ ಮಕ್ಕಳು ಟಿ.ವಿ. ರಿಮೋಟಿಗೆ ಕಿತ್ತಾಡುತ್ತಿದ್ದವು. ಎರಡು ಬೀದಿ ಆಚೆ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಸದ್ದು ಕೇಳಿಸದಾಯಿತು. ಆಮೇಲೆ ಟಿ.ವಿ. ಕೇಳಿಸದಾಯಿತು. ರಸ್ತೆಯ ಆಟೋಗಳೂ ಇಲ್ಲ. ಯಾರೋ ಒಂದೊಂದೇ ಬಾಗಿಲನ್ನು ಮೆತ್ತಗೆ ಮುಚ್ಚುತ್ತಾ ಬಂದ ಹಾಗೆ. ಕಣ್ಣು ತೆರೆದೇ ಇತ್ತು ಎಂದು ನನ್ನ ನೆನಪು. ಬಟ್ಟೆಯ ಮೇಲಿನ ಬಿಳಿ ಸಾಲುಗಳು ಕಾಣುತ್ತಿದ್ದವು. ನನಗೆ ಏನೂ ಬೇಕಿರಲಿಲ್ಲ. ಅಷ್ಟು ಸಮಾಧಾನ ನನ್ನ ಬದುಕಿನಲ್ಲಿ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಹೆಚ್ಚು ಸಲ ಬಂದಿಲ್ಲ. ನನ್ನ ಪಕ್ಕದಲ್ಲಿ ಇನ್ನೊಬ್ಬರು ಅಷ್ಟೇ ಸುಮ್ಮನೆ ಕೂತಿದ್ದರು ಎಂದೂ ಅನ್ನಿಸುತ್ತದೆ. ಆದರೆ ದಿನಚರಿಯಲ್ಲಿ ಈ ಮಾತಿಲ್ಲ. ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ನನ್ನ ಲೆಕ್ಕದಲ್ಲಿ ಹತ್ತು ನಿಮಿಷ. ಬಾಗಿಲು ದಬದಬ ಬಡಿಯುವ ಸದ್ದಿಗೆ ಬೆಚ್ಚಿದೆ. ಮಗಳು ಕೂಗುತ್ತಿದ್ದಳು. "ಅಮ್ಮಾ! ಬಾಗ್ಲು ತೆಗಿಯಮ್ಮಾ! ಮಳೆ ಬಂದು ನಿಂತೇ ಹೋಯ್ತು, ಏನ್ ಮಾಡ್ತಿದೀಯಾ?"

ತಾರಸಿ ಪೂರ್ತಿ ನೆನೆದಿತ್ತು. ಮೂಲೆಯಲ್ಲಿ ನೀರು ನಿಂತಿತ್ತು. ಹೊಗೆ ಬಣ್ಣದ ಮೋಡ ಪೂರ್ವಕ್ಕೆ ಜಾರುತ್ತಿತ್ತು. ನಾನು ಸಂಡಿಗೆ ಹಾಕಿದ್ದ ಜಾಗ ಬರಿದಾಗಿತ್ತು. ಮುಗಿಯಿತು, ಎಲ್ಲ ಕೊಚ್ಚಿಹೋಯಿತು ಎಂದುಕೊಂಡೆ. ಎದ್ದು ಹೋಗಿ ಚಿಲಕ ಎಳೆದೆ. ಮಗಳು ಹೊಸಿಲ ಮೇಲೇ ನಿಂತುಬಿಟ್ಟಳು.

"ಅಬ್ಬಾ! ಒಬ್ಳೇ ಹೆಂಗಮ್ಮ ಎತ್ತಿದೆ?"

ಅವಳು ಕೆಳಗೆ ನೋಡುತ್ತಿದ್ದಳು. ಬಾಗಿಲ ಪಕ್ಕದಲ್ಲಿ ಬಟ್ಟೆ ಒಗೆಯಲೆಂದು ತಗಡಿನ ಶೀಟು ಹೊದಿಸಿದ ಒಣ ಜಾಗವಿದೆ. ದಿನಚರಿಯ ಲೆಕ್ಕದ ಮೂರು ಪಂಚೆಗಳೂ ಅಲ್ಲಿ ಒಂದರ ಪಕ್ಕ ಒಂದು ಹಾಸಿದ್ದವು. ಒಂದೂ ಸುಕ್ಕಿಲ್ಲ. ಒಂದು ಸಂಡಿಗೆಯೂ ಸಾಲು ತಪ್ಪಿಲ್ಲ. ನಾಲ್ಕು ಮೂಲೆಗೂ ಕಲ್ಲು.

ನನ್ನ ಕೂದಲು ಒದ್ದೆಯಾಗಿತ್ತು. ಚೂಡಿದಾರದ ಭುಜವೂ ಒದ್ದೆ. ಇದು ದಿನಚರಿಯಲ್ಲಿದೆ. ಅಂದರೆ ಮಳೆಯಲ್ಲಿ ನಾನು ಎದ್ದು ಹೋಗಿದ್ದೆ. ಎದ್ದದ್ದೂ ನೆನಪಿಲ್ಲ, ಮರಳಿ ಕೂತದ್ದೂ ನೆನಪಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ. ಮರೆವು ಎಲ್ಲರಿಗೂ ಉಂಟು. ಒಂದು ತುದಿ ನಾನೇ ಹಿಡಿದಿದ್ದೆ ಎಂದು ಬರೆದುಕೊಡುತ್ತೇನೆ. ಇನ್ನೊಂದು ತುದಿ?

ಕೆಳಗಿದ್ದವರನ್ನೆಲ್ಲ ಬಳಸು ಮಾತಿನಲ್ಲಿ ವಿಚಾರಿಸಿದೆ. ಗಂಡ ಮಲಗಿದ್ದರು. ನಾದಿನಿಯೂ ಮಕ್ಕಳೂ ಟಿ.ವಿ. ಮುಂದಿದ್ದರು. ಅತ್ತೆ ಹಜಾರದಲ್ಲಿ ಹೂ ಕಟ್ಟುತ್ತಿದ್ದರು ಎಂದು ಎಲ್ಲರೂ ಹೇಳಿದರು. ಪಕ್ಕದ ಮನೆ ನಮ್ಮದಕ್ಕಿಂತ ಒಂದು ಅಂತಸ್ತು ಕೆಳಗಿದೆ, ಅಲ್ಲಿಂದ ಹತ್ತಿ ಬರಲಾಗದು. ಮುಂದಿನ ವಾರ ಒದ್ದೆ ಪಂಚೆಯ ಮೇಲೆ ಉಳಿದ ಅಂಬಲಿ ಬಿಟ್ಟು ನಾನೊಬ್ಬಳೇ ಎತ್ತಿ ನೋಡಿದೆ, ಎಳೆದೂ ನೋಡಿದೆ. ಎರಡು ಸಲವೂ ಮುದ್ದೆಯಾಯಿತು. ಕಾಗೆಗೆ ಹಬ್ಬ.

ಮನೆಯಲ್ಲಿ ಅವತ್ತು ನನ್ನ ಬಗ್ಗೆ ದೊಡ್ಡ ಗೌರವ ಹುಟ್ಟಿತು. ಬೀದಿಯಲ್ಲಿ ಎಲ್ಲರ ಹಪ್ಪಳ, ಮೆಣಸಿನಕಾಯಿ ನೆನೆದಿದ್ದವಂತೆ. "ಸರಿ, ನಿನ್ನ ಆಫೀಸು ಮುಂದುವರೀಲಿ" ಎಂದು ಗಂಡ ಕೈ ಮುಗಿದರು. ನಾದಿನಿ ಕುಣಿಗಲ್‌ಗೆ ಹೊರಟಾಗ ಒಂದು ಡಬ್ಬ ತುಂಬಿಸಿಕೊಂಡೇ ಹೋದಳು. ನಾನು ಎಲ್ಲರ ಹೊಗಳಿಕೆಯನ್ನೂ ಸುಮ್ಮನೆ ತೆಗೆದುಕೊಂಡೆ. ನಿಜ ಹೇಳಿ ಆ ಹೊತ್ತನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದು ಉಳಿಯಿತು. ಈಗಲೂ ಪ್ರತಿ ಬೇಸಿಗೆಯಲ್ಲಿ ಮೇಲೆ ಹೋಗಿ ಕೂರುತ್ತೇನೆ. ನನಗೆ ಹೆದರಿಕೆಯಾಗುವುದಿಲ್ಲ.

ಹೇಳಿದ್ದು ಅತ್ತೆಯೊಬ್ಬರಿಗೆ. ನಾದಿನಿ ಹೋದ ಮಾರನೆಯ ದಿನ, ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು, ಅವತ್ತಿನದರಲ್ಲಿ ಉಳಿದಿದ್ದ ಕೊನೆಯ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಸಂಡಿಗೆ ಬಿಡಿಸುತ್ತಿದ್ದೆವು. ಇದ್ದದ್ದು ಇದ್ದ ಹಾಗೆ ಹೇಳಿದೆ. ನಿದ್ದೆಗಣ್ಣು ಎನ್ನುತ್ತಾರೆ, ಇಲ್ಲವೇ ದೃಷ್ಟಿ ತೆಗೆಯುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅವರು ಒಂದು ಸಂಡಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಒಂದೂ ಮುರ್ದಿಲ್ಲ ನೋಡು" ಎಂದರು.

"ಅದಲ್ಲ ಅತ್ತೆ..."

"ನಾನು ಈ ಮನೆಗೆ ಬಂದಾಗ ಹದಿನಾಲ್ಕು ಜನ. ಕೂತ್ಕೊಂಡು ಉಸಿರು ಬುಡೋಕೆ ಜಾಗ ಇರ್ಲಿಲ್ಲ. ಸಂಡಿಗೆ ಕಾಯ್ತೀನಿ ಅಂತ ಮೇಲೆ ಹೋಗಿಬುಡ್ತಿದ್ದೆ. ನಿನ್ನ ಥರಾನೇ." ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಚಿಲಕಾನೂ ಹಾಕ್ಕೊತಿದ್ದೆ ಕಣಮ್ಮ. ಮೂವತ್ತು ವರ್ಷ. ಮಳೆ ಬರ್ಲಿ, ಗಾಳಿ ಬರ್ಲಿ, ಬಟ್ಟೆ ಎತ್ತೋಕೆ ಅಂತ ಒಂದಿನಾನೂ ಕೆಳಗಿಂದ ಯಾರ್ನೂ ಕರೀಲಿಲ್ಲ."

ನನ್ನ ಕೈ ನಿಂತಿತು. ಅವರ ಕೈ ನಿಲ್ಲಲಿಲ್ಲ. ಆಗ ನಾನು ಕೇಳಿದ ಒಂದು ಪ್ರಶ್ನೆಗೆ ಅವರು ಅವತ್ತೂ ಉತ್ತರ ಕೊಡಲಿಲ್ಲ, ಈ ಬೇಸಿಗೆಯಲ್ಲಿ ಮತ್ತೆ ಕೇಳಿದಾಗಲೂ ಕೊಡಲಿಲ್ಲ.

"ಹಂಗಾದ್ರೆ ಅತ್ತೆ, ನಿಮಗೆ ಆ ಕಡೆ ತುದಿ ಯಾರು ಹಿಡ್ಕೋತಿದ್ರು?"