ಉಸ್ತಾದರ ದಪ್ಪಗಾದ ಗುಂಡಿಗೆ
ಕಮಲಾಪುರದ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ಚಂದ್ರಾಮಪ್ಪ ಉಸ್ತಾದರಿಗೆ ೧೯೯೬ರಲ್ಲಿ ದಮ್ಮು ಹತ್ತತೊಡಗಿತು. ಕಲಬುರಗಿಯ ಡಾಕ್ಟರಮ್ಮನ ಬಳಿ ಕರೆದೊಯ್ದವನು ಅವರ ಹಳೆಯ ಶಿಷ್ಯನಾದ ನಾನು. ಆಸ್ಪತ್ರೆಯ ಮೆಟ್ಟಿಲಲ್ಲಿ ಅವರಿಗಿಂತ ಹೆಚ್ಚು ಏದುಸಿರು ಬಿಟ್ಟವನೂ ನಾನೇ.

"ಹೃದಯದ ಗೋಡಿ ದಪ್ಪ ಆಗ್ಯಾದ್ರಿ," ಎಂದರು ಡಾಕ್ಟರಮ್ಮ.

"ಪೈಲ್ವಾನನ ಗುಂಡಿಗಿ ಅದ. ತೆಳ್ಳಗ ಹ್ಯಾಂಗ ಇದ್ದೀತು?" ಉಸ್ತಾದರು ಮೀಸೆ ತಿರುವಿದರು. ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ.

"ಕಸರತ್ತಿನ ದಪ್ಪ ಬ್ಯಾರೆ, ಇದು ಬ್ಯಾರೆ. ನಿಮಗ ಬಿಪಿ ಜಾಸ್ತಿ ಅದ. ರಕ್ತದಾಗಿನ ಒಂದು ರಸಾಯನ ಹೃದಯದ ಜೀವಕೋಶದ ಬಾಗಿಲು ಬಡೀತದ. ಒಳಗ ಒಂದು ಅಣು ಇನ್ನೊಂದಕ್ಕ 'ಬೆಳಿ, ಬೆಳಿ' ಅಂತ ಸುದ್ದಿ ಮುಟ್ಟಸ್ತದ. ಗೋಡಿ ಬೆಳದು ರಕ್ತಕ್ಕ ಜಾಗಾನೇ ಉಳಿಯಂಗಿಲ್ಲ. ಗುಳಿಗಿ ತಗೊಂಡ್ರ ಆ ಸುದ್ದಿ ಮುಟ್ಟೋದು ಕಡಿಮಿ ಆಗ್ತದ. ಇಲ್ಲಂದ್ರ ಹೃದಯ ಸೋಲ್ತದ."

ಉಸ್ತಾದರ ಮುಖ ಸಣ್ಣದಾಯಿತು. ಗುಳಿಗೆ ನುಂಗುವವನು ಗಂಡಸೇ ಅಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅವರು. ಕದ್ದು ನುಂಗಿರೆಂದು ಬಸ್ಸಿನಲ್ಲಿ ಸಲಹೆ ಕೊಟ್ಟೆ. ನನ್ನ ಧೈರ್ಯ ಅಷ್ಟೇ.

ಮರುದಿನ ಗರಡಿಯಲ್ಲಿ ಅವರು ಎಲ್ಲರೆದುರು ಗುಳಿಗೆ ನುಂಗಿದರು. "ನಾ ಹೇಳಿದ್ದು ತಪ್ಪು ನೋಡ್ರಪ್ಪ."

ಒಬ್ಬ ಹುಡುಗ ಮೆಲ್ಲಗೆ ಎದ್ದ. "ನಿಮ್ಮ ಮಾತು ಕೇಳಿ ನಮ್ಮಪ್ಪ ಗುಳಿಗಿ ಬಿಟ್ಟಾನ್ರಿ, ಉಸ್ತಾದ."

ಉಸ್ತಾದರು ಅಂಗಿ ತೊಟ್ಟರು. "ನಡಿ, ಅವಗೂ ನಾನೇ ಹೇಳ್ತೀನಿ."