ಗೇರ್ ಕಿತ್ತು ತೋರಿಸುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಜೀವನದಲ್ಲಿ ಒಮ್ಮೆಯೂ ಹಿಂದೆ ಸರಿದವನಲ್ಲ. ಶೌರ್ಯ ಅಂದುಕೊಳ್ಳಬೇಡಿ, ಅವನ ಕುತ್ತಿಗೆ ತಿರುಗುವುದಿಲ್ಲ. ಕಿಟಕಿ ಗಾಜು ಸಾಗಿಸುವ ಹಳೇ ವ್ಯಾನಿನಲ್ಲಿ ಕೂತೂ ಕೂತೂ ಅದು ಮರಗಟ್ಟಿ ಹೋಗಿತ್ತು.

ಅವನ ಮನೆಯಿಂದ ದೊಡ್ಡ ರಸ್ತೆಗೆ ಇರುವುದು ಒಂದೇ ಗಲ್ಲಿ. ಎರಡೂ ಕಡೆ ಗೋದಾಮುಗಳ ಗೋಡೆ. ಗಾಡಿ ಒಳಗೆ ನುಗ್ಗಿದರೆ ಬಾಗಿಲು ತೆರೆಯಲೂ ಜಾಗವಿಲ್ಲ. ಎದುರಿಗೆ ಇನ್ನೊಂದು ಬಂದರೆ ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕು. ಆ ಒಬ್ಬ ತಾನಲ್ಲ ಎಂದು ಚಿಕ್ಕಪ್ಪ ಹುಟ್ಟುವಾಗಲೇ ನಿರ್ಧರಿಸಿಕೊಂಡು ಬಂದಿದ್ದ.

ವ್ಯಾನಿನ ಗೇರ್ ದಂಡ ಸಡಿಲವಾಗಿತ್ತು, ತಿರುಗಿಸಿ ಎಳೆದರೆ ಕೈಗೇ ಬರುತ್ತಿತ್ತು. ಬೇರೆಯವರಾಗಿದ್ದರೆ ರಿಪೇರಿ ಮಾಡಿಸುತ್ತಿದ್ದರು. ಇವನು ಎದುರಿಗೆ ಗಾಡಿ ಕಂಡರೆ ಸಾಕು, ದಂಡ ಕಿತ್ತು ಕಿಟಕಿಯಾಚೆ ಆಡಿಸುತ್ತಿದ್ದ. "ನೋಡಪ್ಪಾ, ಕಿತ್ತು ಬಂತು. ಇನ್ನು ನನ್ನ ಕೈಲೇನೂ ಇಲ್ಲ." ಎದುರಿನವನು ಬಾಯಿಗೆ ಬಂದಂತೆ ಬೈಯುತ್ತ ಹಿಂದೆ ಹೋಗುತ್ತಿದ್ದ. ಅವನು ಮರೆಯಾದ ಕೂಡಲೇ ದಂಡ ಸ್ವಸ್ಥಾನ ಸೇರುತ್ತಿತ್ತು.

ಕಾಲೇಜಿನಲ್ಲಿ ಇದನ್ನು ಆಟದ ಸಿದ್ಧಾಂತ ಅಂತ ಪಾಠ ಮಾಡುತ್ತಾರೆ. ಹಿಂದೆ ಹೋಗುವ ದಾರಿಯನ್ನು ತಾನೇ ಮುಚ್ಚಿಕೊಂಡು, ಅದನ್ನು ಎದುರಾಳಿಗೆ ತೋರಿಸಿದವನು ಗೆಲ್ಲುತ್ತಾನಂತೆ. ಎದುರಾಳಿಯೂ ಹಾಗೇ ಮಾಡಿದರೆ ಏನು ಗತಿ ಅನ್ನುವುದು ಮುಂದಿನ ಪಾಠ. ಚಿಕ್ಕಪ್ಪ ಅಷ್ಟು ದೂರ ಓದಿರಲಿಲ್ಲ.

ಮನೆಯಲ್ಲೂ ಅವನದು ಇದೇ ವರಸೆ. ಚಿಕ್ಕಮ್ಮ ಕಾರು ಕಲಿಯುತ್ತೇನೆ ಅಂದಾಗ, "ನಿಂಗೆ ಅದೆಲ್ಲ ಬರಲ್ಲ. ನಾನು ಒಂದ್ಸಲ ಹೇಳಿದ್ರೆ ಮುಗೀತು," ಅಂದ. ಅವಳು ಸದ್ದಿಲ್ಲದೆ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡಳು.

ಅವರ ಮಗಳಿಗೆ ನರ್ಸಿಂಗ್ ಪ್ರವೇಶ ಪರೀಕ್ಷೆ. ಹಿಂದಿನ ವರ್ಷ ಜ್ವರದಿಂದ ತಪ್ಪಿತ್ತು, ಈ ಸಲವೂ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಪರೀಕ್ಷಾ ಕೇಂದ್ರದ ಗೇಟು ಮುಚ್ಚಿದರೆ ಯಾರ ಕಾಲು ಹಿಡಿದರೂ ತೆಗೆಯುವುದಿಲ್ಲ. ಚಿಕ್ಕಪ್ಪ ವ್ಯಾನಿನ ಹಿಂಭಾಗದಲ್ಲಿ ಗಾಜು ತುಂಬಿಕೊಂಡು, ಪಕ್ಕದಲ್ಲಿ ಅವಳನ್ನು ಕೂರಿಸಿಕೊಂಡು ಗಲ್ಲಿಗೆ ನುಗ್ಗಿದ. ಅರ್ಧ ದಾರಿಯಲ್ಲಿ ಎದುರಿಗೆ ಡ್ರೈವಿಂಗ್ ಸ್ಕೂಲಿನ ಕಾರು ಬಂದು ನಿಂತಿತು.

ಅಭ್ಯಾಸಬಲ. ದಂಡ ಕಿತ್ತ, ಕಿಟಕಿಯಾಚೆ ಆಡಿಸಿದ. ಆಮೇಲಷ್ಟೇ ಆ ಕಾರಿನ ಸ್ಟೀರಿಂಗ್ ಹಿಂದೆ ಕೂತವಳ ಮುಖ ನೋಡಿದ. ತರಕಾರಿ ತರುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದ ಹೆಂಡತಿ. ಬೆಚ್ಚಿದ ಕೈಯಿಂದ ದಂಡ ಜಾರಿ, ಉರುಳಿಕೊಂಡು ಹೋಗಿ ಅವಳ ಕಾರಿನಡಿ ಸೇರಿತು.

"ಹಿಂದೆ ತಗೋ," ಅಂತ ಚಿಕ್ಕಪ್ಪ ಕೂಗಿದ.

"ನಂಗೆ ರಿವರ್ಸ್ ಬರಲ್ಲ," ಅಂದಳು ಚಿಕ್ಕಮ್ಮ. "ಅದು ಮುಂದಿನ ವಾರದ ಪಾಠ. ನೀವೇ ತಗೊಳ್ಳಿ."

"ಗೇರ್ ಇಲ್ಲ ಕಣೇ. ನಿಜವಾಗ್ಲೂ ಇಲ್ಲ."

"ದಿನಾ ಇದೇ ಹೇಳ್ತೀರಲ್ಲ."

ಅವಳ ಪಕ್ಕದಲ್ಲಿದ್ದ ಡ್ರೈವಿಂಗ್ ಮೇಷ್ಟ್ರು ಡೊಳ್ಳುಹೊಟ್ಟೆಯ ಆಸಾಮಿ. ಸೀಟು ದಾಟಿ ಸ್ಟೀರಿಂಗ್ ಕಡೆ ಹೋಗುವ ಮಾತೇ ಇಲ್ಲ. ಗಂಡಹೆಂಡತಿ ಹಳೆಯದನ್ನೆಲ್ಲ ಕೆದಕಿಕೊಂಡು ಕಿತ್ತಾಡಿದರು. ಮದುವೆಯಾದ ವರ್ಷದ ಜಗಳವೂ ಎದ್ದು ಬಂತು.

ಆಗ ಮಗಳು ಹಾಲ್ ಟಿಕೆಟ್ ಮಡಿಚಿ ಚೀಲದೊಳಗೆ ಇಟ್ಟಳು. ಕೂಗಾಡಲಿಲ್ಲ. "ಅಪ್ಪಾ, ಗಾಡಿಯೊಳಗೆ ನಾನೂ ಇದ್ದೀನಿ," ಅಂದಳು.

ಚಿಕ್ಕಪ್ಪ ಮೈಯೆಲ್ಲ ತಿರುಗಿಸಿ ಅವಳ ಕಡೆ ನೋಡಿದ. ಗಾಜಿನಾಚೆ ಮಗಳು ಕಣ್ಣೊರೆಸಿಕೊಳ್ಳುವುದು ಚಿಕ್ಕಮ್ಮನಿಗೂ ಕಾಣಿಸಿತು. "ಮೇಷ್ಟ್ರೇ, ಮುಂದಿನ ವಾರದ್ದು ಈಗಲೇ ಹೇಳಿಕೊಡಿ," ಅಂದಳು. ಕಾರು ಹಿಂದಕ್ಕೆ ಹೊರಟಿತು. ಎಡಗಡೆಯ ಕನ್ನಡಿ ಗೋಡೆಗೆ ಬಡಿದು ಮುರಿಯಿತು, ಬಲಗಡೆಯ ಬಣ್ಣ ಉದ್ದಕ್ಕೂ ಕೆತ್ತಿಹೋಯಿತು, ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆದರೆ ಅವಳು ನಿಲ್ಲಿಸಲಿಲ್ಲ. ಗಲ್ಲಿಯ ಬಾಯಿಂದ ಮೇಷ್ಟ್ರು ಏದುಸಿರು ಬಿಡುತ್ತ ನಡೆದು ಬಂದು, ದಂಡ ಎತ್ತಿ ಕಿಟಕಿಯಿಂದ ಕೊಟ್ಟರು. ಚಿಕ್ಕಪ್ಪ ಅದನ್ನು ಸಿಕ್ಕಿಸಿ ಗಾಡಿ ಹೊರಡಿಸಿದ.

ಕೇಂದ್ರ ತಲುಪುವಾಗ ಗೇಟು ಅರ್ಧ ಮುಚ್ಚಿತ್ತು. ಮಗಳು ಅಡ್ಡಡ್ಡವಾಗಿ ನುಸುಳಿ ಒಳಗೆ ಓಡಿದಳು.

ಚಿಕ್ಕಪ್ಪ ಗಾಜು ಇಳಿಸಲು ಹೋಗಲಿಲ್ಲ. ನೇರ ವೆಲ್ಡಿಂಗ್ ಅಂಗಡಿಗೆ ಹೋಗಿ ಗೇರ್ ದಂಡವನ್ನು ಬೆಸೆಯಲು ಹೇಳಿದ. "ಮುಂದೆ ತೆಗೀಬೇಕಾದ್ರೆ ಕಷ್ಟ ಆಗತ್ತೆ," ಅಂದ ವೆಲ್ಡರ್.

"ಆಗ್ಲಿ," ಅಂದ ಚಿಕ್ಕಪ್ಪ.