ಸತ್ತ ಪುಡಿಯ ಹಿಂದೆ ಬೆಳ್ಳಟ್ಟಿಗೆ

ಬೆಳಿಗ್ಗೆ ಏಳಕ್ಕೆ ಗದಗದಲ್ಲಿ ಲಕ್ಷ್ಮೇಶ್ವರದ ಬಸ್ ಹಿಡಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ಟಿಕೆಟ್ ಕೊಟ್ಟರು. ಚೀಲದಲ್ಲಿ ನೀಲಿ ಬೆಳಕಿನ ಟಾರ್ಚ್ ಮತ್ತು ಒಂದು ಹಳದಿ ಗಾಜು ಇದ್ದವು. ಮನೆಯಲ್ಲಿ ಕೋಳಿ ನೋಡಲು ಹೋಗುತ್ತೇನೆ ಎಂದಷ್ಟೇ ಹೇಳಿದ್ದೆ.

ಬೆಳ್ಳಟ್ಟಿಯಲ್ಲಿ ಕೋಳಿ ಸಾಕುವ ಮಾಬೂಬಿಯವರ ಮೇಲೆ ನನಗೆ ಅನುಮಾನವಿತ್ತು. ನನ್ನ ಸಂಶೋಧನೆಗೆಂದು ವಂಶವಾಹಿ ತಿದ್ದಿದ ಯೀಸ್ಟ್ ಕೋಶಗಳು ಹೊರಮೈಯಲ್ಲಿ ಒಂದು ಕಿಣ್ವವನ್ನು ಹೊತ್ತಿರುತ್ತವೆ. ಜೋಳದಲ್ಲಿದ್ದೂ ಕೋಳಿಗೆ ದಕ್ಕದ ರಂಜಕವನ್ನು ಅದು ಬಿಡಿಸಿಕೊಡುತ್ತದೆ. ತತ್ತಿಯ ಸಿಪ್ಪೆ ಗಟ್ಟಿಯಾಗುತ್ತದೆ. ಗುರುತಿಗೆಂದು ಪಕ್ಕದಲ್ಲೇ ಹಸಿರಾಗಿ ಹೊಳೆಯುವ ಪ್ರೋಟೀನನ್ನೂ ಕೂರಿಸಿದ್ದೆ. ಕೋಶಗಳನ್ನು ಬಿಸಿಯಲ್ಲಿ ಕೊಂದು, ಒಣಗಿಸಿದ ಮೇಲಷ್ಟೇ ಹೊರಗೆ ಕೊಡಲು ಅನುಮತಿ. ಜೀವಂತ ಕೋಶ ಹೊರಬಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕೋಳಿಯ ಮೇವಿಗೆ ಬೆರೆಸಲು ಅವರಿಗೆ ಕೊಟ್ಟದ್ದು ಒಂದು ತಿಂಗಳ ಪುಡಿ. ಮೂರನೆಯ ತಿಂಗಳಲ್ಲೂ ಫೋನಿನಲ್ಲಿ "ದಿನಾ ಹಾಕಾಕತ್ತೀನ್ರಿ" ಎನ್ನುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆಂದೇ ತಿಳಿದಿದ್ದೆ.

ಲಕ್ಷ್ಮೇಶ್ವರದಲ್ಲಿ ಗಿರ್ಮಿಟ್ ತಿಂದು, ಶಿರಹಟ್ಟಿಯಲ್ಲಿ ಬಸ್ ಬದಲಿಸಿ ಬೆಳ್ಳಟ್ಟಿ ತಲುಪುವಾಗ ಬಿಸಿಲು ಚುರುಗುಡುತ್ತಿತ್ತು. ಮಾಬೂಬಿ ಚಹಾ ಕೊಟ್ಟರು. ಉಳಿದ ಪುಡಿ ತೋರಿಸಿ ಎಂದೆ. ಒಳಗಿನಿಂದ ಒಂದು ಗಡಿಗೆ ತಂದಿಟ್ಟರು.

"ಪುಡಿ ಯಾವಾಗೋ ಮುಗೀತ್ರಿ ಅಕ್ಕಾರ. ಒಂದ ಚಮಚೆ ಉಳಸಿ, ಬೆಲ್ಲದ ಗಂಜ್ಯಾಗ ಹೆಪ್ಪ ಹಾಕಿದ್ನಿ. ಮರುದಿನ ಉಬ್ಬಿತ್ತು. ಅದನ್ನ ದಿನಾ ಕೋಳಿಗೆ ಹಾಕಾಕತ್ತೀನ್ರಿ."

"ಅದು ಸತ್ತದ್ದಿತ್ತಲ್ಲರಿ."

"ಸತ್ತದ್ದು ಉಬ್ಬತೈತೇನ್ರಿ? ಇಷ್ಟ ಓದೀರಿ, ಹೆಪ್ಪ ಹಾಕೂದ ಕಲಿಸಿಲ್ಲೇನ ನಿಮಗ?"

ಗಾಳಿಯಲ್ಲಿನ ಯೀಸ್ಟಿನಿಂದಲೂ ಗಂಜಿ ಉಬ್ಬಬಹುದು. ಕತ್ತಲ ಕೋಣೆಯಲ್ಲಿ ಟಾರ್ಚ್ ಹಾಯಿಸಿ, ನೀಲಿಯನ್ನು ತಡೆಯುವ ಹಳದಿ ಗಾಜನ್ನು ಕಣ್ಣಿಗೆ ಹಿಡಿದೆ. ಗಡಿಗೆಯ ತಳದ ಗಸಿಯೆಲ್ಲ ಹಸಿರಾಗಿ ಹೊಳೆಯಿತು. ಒಂದು ಚಮಚ ಸತ್ತ ಪುಡಿಯಿಂದ ಇಷ್ಟು ಹೊಳಪು ಬಾರದು; ನನ್ನ ಕೋಶಗಳೇ ಬೆಳೆದಿದ್ದವು. ಅವರು ಹೇಳಿದ್ದೆಲ್ಲ ಖರೆ. ಪುಡಿಯನ್ನು ಸರಿಯಾಗಿ ಕೊಲ್ಲದೆ, 'ಸತ್ತಿದೆ' ಎಂದು ಸಹಿ ಮಾಡಿದವಳು ನಾನೇ.

ಗಂಜಿಯನ್ನು ಕುದಿಸಿ ಚೆಲ್ಲಬೇಕು ಎಂದೆ. ಅವರು ಒಲೆ ಹಚ್ಚಿದರು.

"ಯಾರಿಗಾದರೂ ಕೊಟ್ಟೀರೇನ್ರಿ?"

"ಹೆಪ್ಪ ಕೇಳಿದ್ರ ಇಲ್ಲ ಅನಬಾರದ್ರಿ. ಮುಂಡರಗಿಗೆ ಮಗಳು ಒಯ್ದಾಳ. ಆಕಿ ಓಣ್ಯಾಗ ಎಷ್ಟ ಮಂದಿಗೆ ಕೊಟ್ಟಾಳೋ."

ಮಾರ್ಗದರ್ಶಕರಿಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದು ಹೇಳಿದೆ. ಆಮೇಲೆ ಗದಗದ ಬಸ್ ಬಿಟ್ಟು ಮುಂಡರಗಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹಿತ್ತಲುಗಳನ್ನೇ ನೋಡುತ್ತ ಹೋದೆ. ಕೋಳಿ ಕಂಡಲ್ಲೆಲ್ಲ, ಪಕ್ಕದಲ್ಲಿ ಗಡಿಗೆ ಇದೆಯೇ ಎಂದು ಕಿಟಕಿಯಿಂದ ಕತ್ತು ಚಾಚಿದೆ.